ಎರಡು ಸ್ವಿಚ್‌ಗಳ ನಡುವೆ ಲಿಂಕ್ ಅಗ್ರಿಗೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲಿನ ಮಹಡಿಯ ಸ್ವಿಚ್‌ನಿಂದ ಕೆಳಗಿನ ಸ್ವಿಚ್‌ಗೆ ಒಂದೇ ಕೇಬಲ್ ಇದೆ. ಜನ ಜಾಸ್ತಿಯಾದರು, ವೈಫೈ ಬಂತು, ಕ್ಯಾಮೆರಾ ಬಂತು. ಈಗ ಆ ಒಂದು ಕೇಬಲ್ ಸಾಲುತ್ತಿಲ್ಲ. ಅದು ಕಿತ್ತುಹೋದರೆ ಇಡೀ ಮಹಡಿ ಕತ್ತಲು. ಇಂಥ ಸ್ಥಿತಿಯಲ್ಲಿರುವವರಿಗಾಗಿ ಈ ಪುಟ.

ಉದಾಹರಣೆಗೆ ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್ ಇಟ್ಟುಕೊಂಡಿದ್ದೇನೆ. ಬೇರೆ ಕಂಪನಿಗಳ ಸ್ವಿಚ್ ಇರುವವರಿಗೂ ಮುಂದೆ ಒಂದಿಷ್ಟು ಮಾತು ಇದೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ಎರಡು ಕೇಬಲ್ ಸುಮ್ನೆ ಹಾಕಿಬಿಟ್ಟರೆ ಆಗಲ್ವಾ?

ಆಗಲ್ಲ. ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದ ಕೂಡಲೇ ಅಲ್ಲೊಂದು ಲೂಪ್ ಆಗುತ್ತದೆ. ಎಲ್ಲರಿಗೂ ಅಂತ ಕಳಿಸಿದ ಒಂದು ಸಂದೇಶ (ಬ್ರಾಡ್‌ಕಾಸ್ಟ್ ಫ್ರೇಮ್) ಒಂದು ಕೇಬಲ್‌ನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಈಥರ್ನೆಟ್ ಫ್ರೇಮ್‌ಗೆ ಆಯಸ್ಸು ಅಂತ ಇಲ್ಲ, ಹಾಗಾಗಿ ಅದು ತಾನಾಗಿ ಸಾಯುವುದಿಲ್ಲ. ನೋಡನೋಡುತ್ತಿದ್ದಂತೆ ನೆಟ್‌ವರ್ಕ್ ಪೂರ್ತಿ ಕಟ್ಟಿಕೊಳ್ಳುತ್ತದೆ.

ಇದನ್ನು ತಡೆಯಲು ಸ್ಪ್ಯಾನಿಂಗ್ ಟ್ರೀ ಇದೆ. ಅದು ಎರಡರಲ್ಲಿ ಒಂದು ಕೇಬಲ್ ಅನ್ನು ಬ್ಲಾಕ್ ಮಾಡಿ ಇಟ್ಟುಬಿಡುತ್ತದೆ. ಲೂಪ್ ತಪ್ಪಿತು, ನಿಜ. ಆದರೆ ನೀವು ಎಳೆದ ಎರಡನೇ ಕೇಬಲ್ ಕೆಲಸವಿಲ್ಲದೆ ಕೂತಿತು. ಎರಡನ್ನೂ ಸೇರಿಸಿ ಸ್ವಿಚ್‌ಗೆ ಒಂದೇ ಲಿಂಕ್ ಥರ ತೋರಿಸುವುದೇ ಲಿಂಕ್ ಅಗ್ರಿಗೇಶನ್. ಆಗ ಸ್ಪ್ಯಾನಿಂಗ್ ಟ್ರೀ ಕಣ್ಣಿಗೆ ಕಾಣುವುದು ಒಂದೇ ಲಿಂಕ್. ಎರಡೂ ಕೇಬಲ್ ಕೆಲಸ ಮಾಡುತ್ತವೆ, ಒಂದು ಹೋದರೆ ಇನ್ನೊಂದು ಪೂರ್ತಿ ಭಾರ ಹೊರುತ್ತದೆ.

ಈಥರ್‌ಚಾನೆಲ್, ಪೋರ್ಟ್ ಚಾನೆಲ್, ಬಾಂಡಿಂಗ್, ಟ್ರಂಕ್, ಲ್ಯಾಗ್... ಇವೆಲ್ಲ ಒಂದೇನಾ?

ಹೌದು, ಹೆಚ್ಚುಕಡಿಮೆ ಒಂದೇ. ಈಥರ್‌ಚಾನೆಲ್ ಎಂಬುದು 1990ರ ದಶಕದ ಶುರುವಿನಲ್ಲಿ ಕಲ್ಪನಾ ಎಂಬ ಅಮೆರಿಕದ ಕಂಪನಿಯಿಂದ ಬಂದದ್ದು. ಭಾರತ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲಿ ಒಬ್ಬರು, ಕಂಪನಿಗೆ ಇಟ್ಟದ್ದು ಅವರ ಹೆಂಡತಿಯ ಹೆಸರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಎಲ್ಲ ಕಂಪನಿಗಳಿಗೂ ಹೊಂದುವ ಮಾನದಂಡ ಬಂದದ್ದು 2000ದಲ್ಲಿ, ಐಇಇಇ 802.3ಎಡಿ ಎಂಬ ಹೆಸರಲ್ಲಿ. 2008ರಲ್ಲಿ ಅದು 802.1ಎಎಕ್ಸ್ ಆಯಿತು. ಹಳೆಯ ಹೆಸರು ಇನ್ನೂ ಎಲ್ಲರ ಬಾಯಲ್ಲಿದೆ, ಲಿನಕ್ಸ್‌ನ ಬಾಂಡಿಂಗ್‌ನಲ್ಲಿ ಈಗಲೂ ಅದೇ ಬರೆಯುತ್ತೇವೆ.

ಟ್ರಂಕ್ ಎಂಬ ಮಾತಿನ ಹತ್ತಿರ ಮಾತ್ರ ಹುಷಾರು. ಸಿಸ್ಕೊದವರು ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳನ್ನು (ಒಂದೇ ಸ್ವಿಚ್ ಒಳಗೆ ಬೇರೆ ಬೇರೆಯಾಗಿ ಇಟ್ಟ ನೆಟ್‌ವರ್ಕ್‌ಗಳನ್ನು) ಟ್ಯಾಗ್ ಹಾಕಿ ಸಾಗಿಸುವ ಪೋರ್ಟ್. ಎಚ್‌ಪಿ ಪ್ರೊಕರ್ವ್‌ನಲ್ಲಿ ಟ್ರಂಕ್ ಅಂದರೆ ಹಲವು ಪೋರ್ಟ್‌ಗಳ ಬಂಡಲ್. ಈ ಎರಡು ಸ್ವಿಚ್ ಸೇರಿಸುವಾಗ ಫೋನಿನಲ್ಲಿ 'ಟ್ರಂಕ್ ಹಾಕಿ' ಅಂದರೆ ಆ ಕಡೆಯವರು ಬೇರೆಯದೇ ಏನೋ ಮಾಡಿಟ್ಟಿರುತ್ತಾರೆ. ಯಾವುದು ಬೇಕು ಅಂತ ಬಿಡಿಸಿ ಹೇಳಿ.

1 ಜಿಬಿಪಿಎಸ್‌ನ ನಾಲ್ಕು ಕೇಬಲ್ ಸೇರಿಸಿದೆ. ಫೈಲ್ ಕಾಪಿ ಮಾಡಿದರೆ ಸ್ಪೀಡ್ ಮೊದಲಿನಷ್ಟೇ ಇದೆ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಬಲ್ ಕೊಳ್ಳುವ ಮೊದಲೇ ಇದನ್ನು ಎಲ್ಲರಿಗೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಹೋಗುವ ಒಂದು ಫೈಲ್ ಕಾಪಿ ಯಾವಾಗಲೂ ಒಂದೇ ಕೇಬಲ್ ಹಿಡಿದು ಹೋಗುತ್ತದೆ. ಮೈಸೂರಿಗೆ ಒಂದರ ಬದಲು ನಾಲ್ಕು ಬಸ್ ಬಿಟ್ಟರೆ ನಾಲ್ಕು ಪಟ್ಟು ಜನ ಹೋಗಬಹುದು, ಆದರೆ ನೀವು ಮೈಸೂರು ಸೇರುವ ಹೊತ್ತು ಬದಲಾಗುವುದಿಲ್ಲ, ಅಲ್ವಾ? ಗಿಗಾಬಿಟ್ ಲಿಂಕ್‌ನಲ್ಲಿ ಒಂದು ಕಾಪಿಗೆ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಿಕ್ಕರೆ ಅದು ಒಳ್ಳೆಯ ವೇಗವೇ. ನಾಲ್ಕು ಕೇಬಲ್ ಕಟ್ಟಿದರೂ ಆ ಒಂದು ಕಾಪಿ ಅಲ್ಲೇ ನಿಲ್ಲುತ್ತದೆ. ಲಾಭ ಕಾಣುವುದು ನಲವತ್ತು ಜನ ಒಟ್ಟಿಗೆ ಕೆಲಸ ಮಾಡುವಾಗ.

ಸ್ವಿಚ್ ಪ್ಯಾಕೆಟ್‌ಗಳನ್ನು ಒಂದಾದ ಮೇಲೆ ಒಂದರಂತೆ ನಾಲ್ಕೂ ಕೇಬಲ್‌ಗಳಿಗೆ ಹಂಚಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಹಾಗೆ ಮಾಡಿದರೆ ಪ್ಯಾಕೆಟ್‌ಗಳು ಹಿಂದುಮುಂದಾಗಿ ತಲುಪುತ್ತವೆ. ಕ್ರಮ ತಪ್ಪಿದ್ದನ್ನು ಕಂಡ ಟಿಸಿಪಿ (ಎರಡು ಕಂಪ್ಯೂಟರ್‌ಗಳ ನಡುವಿನ ಸಂಭಾಷಣೆ ನೋಡಿಕೊಳ್ಳುವ ಪ್ರೋಟೊಕಾಲ್), ಪ್ಯಾಕೆಟ್ ಕಳೆದುಹೋಗಿದೆ ಅಂದುಕೊಂಡು ವೇಗ ಇಳಿಸುತ್ತದೆ. ಅದಕ್ಕೇ ಒಂದು ಸಂಭಾಷಣೆಯ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್‌ನಲ್ಲಿ ಹೋಗಬೇಕು ಎಂಬ ನಿಯಮ.

ಒಂದೇ ಕಾಪಿ ಬೇಗ ಆಗಬೇಕು ಅನ್ನುವುದೇ ನಿಮ್ಮ ಅಗತ್ಯವಾದರೆ 10 ಜಿಬಿಪಿಎಸ್ ಪೋರ್ಟ್ ಇರುವ ಸ್ವಿಚ್ ತನ್ನಿ. ಬಂಡಲ್ ಅದಕ್ಕೆ ಔಷಧಿ ಅಲ್ಲ.

ಹಾಗಾದರೆ ಯಾವ ಪ್ಯಾಕೆಟ್ ಯಾವ ಕೇಬಲ್‌ಗೆ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಕಳಿಸುವ ಸ್ವಿಚ್. ಅದು ಪ್ಯಾಕೆಟ್‌ನ ವಿಳಾಸಗಳನ್ನು ತೆಗೆದುಕೊಂಡು ಒಂದು ಲೆಕ್ಕ ಹಾಕುತ್ತದೆ, ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಲೆಕ್ಕದ ಉತ್ತರ ಯಾವ ಕೇಬಲ್ ತೋರಿಸಿತೋ ಅದರಲ್ಲಿ ಕಳಿಸುತ್ತದೆ. ಯಾವ ಕೇಬಲ್ ಖಾಲಿ ಇದೆ, ಯಾವುದು ತುಂಬಿದೆ ಅಂತ ಸಾಮಾನ್ಯ ಸ್ವಿಚ್ ನೋಡುವುದಿಲ್ಲ. ಅದಕ್ಕೇ ಒಂದು ಕೇಬಲ್ 90 ಪರ್ಸೆಂಟ್, ಇನ್ನೊಂದು 10 ಪರ್ಸೆಂಟ್ ಅಂತ ಕಾಣುವುದು.

2960, 3750ಯಂಥ ಹಳೆಯ ಕ್ಯಾಟಲಿಸ್ಟ್‌ಗಳಲ್ಲಿ ತಾನಾಗಿ ಬರುವ ಲೆಕ್ಕ ಕಳಿಸುವವರ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆಯ) ಮೇಲೆ. ಇಲ್ಲೊಂದು ತೊಂದರೆ ಇದೆ. ಸರ್ವರ್‌ಗಳೆಲ್ಲ ರೌಟರ್‌ನ ಆಚೆ ಇವೆ ಅಂದುಕೊಳ್ಳಿ. ಅಲ್ಲಿಂದ ಬರುವ ಪ್ರತಿ ಫ್ರೇಮ್‌ನ ಮೇಲೂ ರೌಟರ್‌ನ ಮ್ಯಾಕ್ ವಿಳಾಸವೇ ಇರುತ್ತದೆ. ಲೆಕ್ಕಕ್ಕೆ ಒಂದೇ ಸಂಖ್ಯೆ ಸಿಕ್ಕರೆ ಉತ್ತರವೂ ಒಂದೇ. ಹಾಗಾಗಿ ಆ ದಿಕ್ಕಿನ ಟ್ರಾಫಿಕ್ ಪೂರ್ತಿ ಒಂದೇ ಕೇಬಲ್‌ಗೆ ಬೀಳುತ್ತದೆ, ಉಳಿದವು ಖಾಲಿ. ಗ್ಲೋಬಲ್ ಕನ್ಫಿಗ್‌ನಲ್ಲಿ 'ಪೋರ್ಟ್-ಚಾನೆಲ್ ಲೋಡ್-ಬ್ಯಾಲೆನ್ಸ್ ಎಸ್‌ಆರ್‌ಸಿ-ಡಿಎಸ್‌ಟಿ-ಐಪಿ' ಅಂತ ಕೊಟ್ಟರೆ ಕಳಿಸುವವರ, ಪಡೆಯುವವರ ಐಪಿ ವಿಳಾಸ ಎರಡೂ ಲೆಕ್ಕಕ್ಕೆ ಬರುತ್ತವೆ. ಈ ಒಂದು ಸಾಲಿಗೆ ಎಷ್ಟೋ ದೂರುಗಳು ಮುಗಿಯುತ್ತವೆ. ಇದು ಇಡೀ ಸ್ವಿಚ್‌ಗೆ ಅನ್ವಯ, ಒಂದು ಬಂಡಲ್‌ಗೆ ಮಾತ್ರ ಅಲ್ಲ.

ಎರಡೂ ಕಡೆ ಒಂದೇ ಲೆಕ್ಕ ಇರಬೇಕು ಅಂತೇನಿಲ್ಲ. ಪ್ರತಿ ಸ್ವಿಚ್ ತಾನು ಕಳಿಸುವುದನ್ನಷ್ಟೇ ಹಂಚುತ್ತದೆ.

ಎರಡು ಹಾಕಲಾ, ಮೂರು ಹಾಕಲಾ?

ಎರಡು ಅಥವಾ ನಾಲ್ಕು ಹಾಕಿ. ಈ ಕ್ಯಾಟಲಿಸ್ಟ್‌ಗಳಲ್ಲಿ ಹ್ಯಾಶ್‌ನ ಉತ್ತರ ಎಂಟು ಪಾಲಾಗಿ ಬರುತ್ತದೆ. ಎರಡು, ನಾಲ್ಕು, ಎಂಟು ಕೇಬಲ್‌ಗೆ ಅದು ಸಮವಾಗಿ ಹಂಚಿಕೆಯಾಗುತ್ತದೆ. ಮೂರಕ್ಕೆ 3:3:2 ಆಗುತ್ತದೆ, ಐದಕ್ಕೆ 2:2:2:1:1. ಕೆಲಸವೇನೂ ನಿಲ್ಲುವುದಿಲ್ಲ, ಹಂಚಿಕೆ ಓರೆಯಾಗುತ್ತದೆ ಅಷ್ಟೇ. ಒಂದು ಬಂಡಲ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವುದು ಎಂಟು ಪೋರ್ಟ್. ಎಲ್‌ಎಸಿಪಿಯಲ್ಲಿ (ಎರಡೂ ಸ್ವಿಚ್ ಮಾತಾಡಿಕೊಂಡು ಬಂಡಲ್ ಕಟ್ಟುವ ಪ್ರೋಟೊಕಾಲ್) ಇನ್ನೂ ಎಂಟನ್ನು ಸ್ಟ್ಯಾಂಡ್‌ಬೈ ಇಡಬಹುದು.

ಎಲ್‌ಎಸಿಪಿ ಬೇಕೇ ಬೇಕಾ? 'ಆನ್' ಮೋಡ್ ಸುಲಭ ಅಲ್ವಾ?

ಸುಲಭ ಹೌದು. ಆದರೂ ಎಲ್‌ಎಸಿಪಿಯನ್ನೇ ಬಳಸಿ. ಎರಡೂ ಕಡೆ 'ಆಕ್ಟಿವ್' ಹಾಕಿ. ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ.

'ಆನ್' ಅಂದರೆ ಸ್ವಿಚ್ ಆ ಕಡೆಯವರನ್ನು ಏನೂ ಕೇಳದೆ, ಇವೆಲ್ಲ ಒಂದೇ ಬಂಡಲ್ ಅಂತ ನಂಬಿಬಿಡುತ್ತದೆ. ರ್ಯಾಕ್‌ನಲ್ಲಿ ಯಾರೋ ಒಂದು ಪ್ಯಾಚ್ ಕಾರ್ಡ್ ಅನ್ನು ಪಕ್ಕದ ಸ್ವಿಚ್‌ಗೆ ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಆ ಕೇಬಲ್‌ಗೆ ಹಂಚಿದ ಟ್ರಾಫಿಕ್ ತಪ್ಪು ಜಾಗಕ್ಕೆ ಹೋಗುತ್ತಲೇ ಇರುತ್ತದೆ. ಇಪ್ಪತ್ತು ಜನರಲ್ಲಿ ಹತ್ತು ಜನರಿಗೆ ನೆಟ್ ಇದೆ, ಹತ್ತು ಜನರಿಗೆ ಇಲ್ಲ ಎಂಬ ಥರದ ದೂರು ಬಂದರೆ ಮೊದಲು ಇದನ್ನೇ ನೋಡಿ. ಒಂದು ಕಡೆ 'ಆನ್', ಇನ್ನೊಂದು ಕಡೆ ಏನೂ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಒಂದೇ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳ ನಡುವೆ ಹಾರಾಡುತ್ತದೆ, ಲೂಪ್ ಆಗುವ ಸಾಧ್ಯತೆಯೂ ಇದೆ.

ಎಲ್‌ಎಸಿಪಿ ಇದ್ದರೆ ಎರಡೂ ಸ್ವಿಚ್‌ಗಳು ಪ್ರತಿ ಕೇಬಲ್‌ನಲ್ಲೂ ಸಣ್ಣ ಸಂದೇಶ ಕಳಿಸಿಕೊಳ್ಳುತ್ತವೆ. ನಾನು ಯಾರು, ನನ್ನ ಗುಂಪು ಯಾವುದು, ನಿನ್ನ ಮಾತು ನನಗೆ ಕೇಳುತ್ತಿದೆಯೋ ಇಲ್ಲವೋ, ಇಷ್ಟು ಅದರಲ್ಲಿರುತ್ತದೆ. ಉತ್ತರ ಸರಿಯಿದ್ದ ಪೋರ್ಟ್ ಮಾತ್ರ ಬಂಡಲ್ ಸೇರುತ್ತದೆ, ಉಳಿದದ್ದು ಹೊರಗೆ.

'ಪ್ಯಾಸಿವ್' ಎಂಬುದೂ ಇದೆ. ಅದು ಆ ಕಡೆಯವರು ಮೊದಲು ಮಾತಾಡಲಿ ಅಂತ ಕಾಯುತ್ತದೆ. ಎರಡೂ ಕಡೆ ಪ್ಯಾಸಿವ್ ಇಟ್ಟರೆ ಇಬ್ಬರೂ ಕಾಯುತ್ತಾ ಕೂರುತ್ತಾರೆ, ಬಂಡಲ್ ಆಗುವುದೇ ಇಲ್ಲ. 'ಡಿಸೈರಬಲ್', 'ಆಟೋ' ಎನ್ನುವವು ಸಿಸ್ಕೊದ ಸ್ವಂತ ಪ್ರೋಟೊಕಾಲ್ ಆದ ಪಿಎಜಿಪಿಯ ಮೋಡ್‌ಗಳು, ಬೇರೆ ಕಂಪನಿಯ ಸ್ವಿಚ್ ಜೊತೆ ಅವನ್ನು ನೆಚ್ಚಿಕೊಳ್ಳಬೇಡಿ.

'ಆನ್' ಅನಿವಾರ್ಯವಾಗುವ ಒಂದು ಜಾಗ ಇದೆ: ವಿಎಂವೇರ್‌ನ ಸ್ಟ್ಯಾಂಡರ್ಡ್ ವಿಸ್ವಿಚ್ (ಸರ್ವರ್ ಒಳಗಿನ ವರ್ಚುವಲ್ ಸ್ವಿಚ್). ಅದಕ್ಕೆ ಎಲ್‌ಎಸಿಪಿ ಬರುವುದಿಲ್ಲ, ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಬೇಕು.

ಸರಿ, ಹೆಜ್ಜೆ ಹೆಜ್ಜೆಯಾಗಿ ಹೇಳಿ.

ಎರಡೂ ಸ್ವಿಚ್‌ಗಳಲ್ಲಿ 23 ಮತ್ತು 24ನೇ ಪೋರ್ಟ್ ಅಂದುಕೊಳ್ಳೋಣ. ಮೊದಲು ಕೇಬಲ್ ಹಾಕಬೇಡಿ. ಕನ್ಫಿಗ್ ಮೊದಲು, ಕೇಬಲ್ ಆಮೇಲೆ.

'ಇಂಟರ್‌ಫೇಸ್ ರೇಂಜ್' ಕೊಟ್ಟು ಎರಡೂ ಪೋರ್ಟ್ ಒಳಗೆ ಹೋಗಿ. 'ಶಟ್‌ಡೌನ್' ಮಾಡಿ. ಆ ಪೋರ್ಟ್‌ಗಳಲ್ಲಿ ಹಳೆಯ ಕನ್ಫಿಗ್ ಏನಾದರೂ ಉಳಿದಿದ್ದರೆ ತೆಗೆದುಹಾಕಿ; ಎರಡು ಪೋರ್ಟ್‌ಗಳಲ್ಲಿ ವಿಲ್ಯಾನ್ ಬೇರೆ ಬೇರೆ ಇದ್ದರೆ ಅವು ಒಂದೇ ಗುಂಪಿಗೆ ಸೇರುವುದಿಲ್ಲ. ಈಗ 'ಚಾನೆಲ್-ಗ್ರೂಪ್ 1 ಮೋಡ್ ಆಕ್ಟಿವ್' ಕೊಡಿ. ಪೋರ್ಟ್-ಚಾನೆಲ್ 1 ಎಂಬ ಹೊಸ ಇಂಟರ್‌ಫೇಸ್ ತಾನಾಗಿ ಹುಟ್ಟಿಕೊಳ್ಳುತ್ತದೆ.

ಇನ್ನು ಮುಂದೆ ಎಲ್ಲ ಮಾತು ಈ ಹೊಸ ಇಂಟರ್‌ಫೇಸ್ ಜೊತೆ. 'ಇಂಟರ್‌ಫೇಸ್ ಪೋರ್ಟ್-ಚಾನೆಲ್ 1' ಒಳಗೆ ಹೋಗಿ 'ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್' ಹಾಕಿ, ಬೇಕಾದ ವಿಲ್ಯಾನ್‌ಗಳನ್ನು ಅಲೋ ಮಾಡಿ. ಅದು ತನ್ನಷ್ಟಕ್ಕೆ ಎರಡೂ ಪೋರ್ಟ್‌ಗಳಿಗೆ ಇಳಿಯುತ್ತದೆ. ನಾಳೆ ಹೊಸ ವಿಲ್ಯಾನ್ ಸೇರಿಸುವಾಗಲೂ ಇಲ್ಲೇ ಸೇರಿಸಿ. ಒಂದು ಪೋರ್ಟ್‌ಗೆ ಮಾತ್ರ ಸೇರಿಸಿದರೆ ಆ ಪೋರ್ಟ್ ಬಂಡಲ್‌ನಿಂದ ಹೊರಬೀಳುತ್ತದೆ. ಆ ಕಡೆಯ ಸ್ವಿಚ್‌ನಲ್ಲೂ ಇದನ್ನೇ ಮಾಡಿ. ಕೇಬಲ್ ಹಾಕಿ, ಎರಡೂ ಕಡೆ 'ನೋ ಶಟ್‌ಡೌನ್' ಕೊಡಿ.

ಈ ಕಡೆ ಚಾನೆಲ್ 1, ಆ ಕಡೆ ಚಾನೆಲ್ 7 ಇದ್ದರೂ ಪರವಾಗಿಲ್ಲ, ಆ ಸಂಖ್ಯೆ ಆ ಸ್ವಿಚ್ ಒಳಗಿನ ಲೆಕ್ಕಕ್ಕೆ ಮಾತ್ರ. ಈ ಕಡೆಯ 23 ಆ ಕಡೆಯ 24ಕ್ಕೆ ಹೋದರೂ ತೊಂದರೆ ಇಲ್ಲ.

ಆಗಿದೆಯೋ ಇಲ್ಲವೋ ನೋಡುವುದು ಹೇಗೆ?

'ಶೋ ಈಥರ್‌ಚಾನೆಲ್ ಸಮ್ಮರಿ' ಕೊಡಿ. ಪೋರ್ಟ್ ಚಾನೆಲ್ ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ ದೊಡ್ಡಕ್ಷರದ 'ಎಸ್‌ಯು' ಇರಬೇಕು: ಲೇಯರ್ 2, ಬಳಕೆಯಲ್ಲಿದೆ ಅಂತ. ಪ್ರತಿ ಪೋರ್ಟ್ ಪಕ್ಕ 'ಪಿ' ಇರಬೇಕು: ಬಂಡಲ್ ಸೇರಿದೆ ಅಂತ. 'ಐ' ಇದ್ದರೆ ಪೋರ್ಟ್ ಒಂಟಿಯಾಗಿದೆ, ಆ ಕಡೆಯಿಂದ ಎಲ್‌ಎಸಿಪಿ ಬರುತ್ತಿಲ್ಲ. ಚಿಕ್ಕಕ್ಷರದ 'ಎಸ್' ಇದ್ದರೆ ಸಸ್ಪೆಂಡ್ ಆಗಿದೆ. ದೊಡ್ಡಕ್ಷರದ 'ಡಿ' ಅಂದರೆ ಪೋರ್ಟ್ ಡೌನ್. ಪೋರ್ಟ್‌ನ ಹಸಿರು ದೀಪ ನೋಡಿ ತೃಪ್ತಿಪಡಬೇಡಿ, ಬಂಡಲ್ ಆಗದೆ ಇದ್ದರೂ ದೀಪ ಉರಿಯುತ್ತದೆ.

ಆಮೇಲೆ 'ಶೋ ಎಲ್‌ಎಸಿಪಿ ನೇಬರ್'. ಪ್ರತಿ ಪೋರ್ಟ್ ಎದುರೂ ಒಂದೇ ಸಿಸ್ಟಂ ವಿಳಾಸ ಕಾಣಬೇಕು. ಬೇರೆ ವಿಳಾಸ ಕಂಡರೆ ಕೇಬಲ್ ಬೇರೆ ಸ್ವಿಚ್‌ಗೆ ಹೋಗಿದೆ.

ಕೊನೆಗೆ ನಿಜವಾದ ಪರೀಕ್ಷೆ. ಆ ಕಡೆಯ ಒಂದು ಕಂಪ್ಯೂಟರ್‌ಗೆ ಪಿಂಗ್ ಬಿಟ್ಟು 23ನೇ ಕೇಬಲ್ ಕಿತ್ತುಬಿಡಿ. ಹೆಚ್ಚೆಂದರೆ ಒಂದೆರಡು ಪಿಂಗ್ ತಪ್ಪಬಹುದು. ಮತ್ತೆ ಹಾಕಿ 'ಪಿ' ಬಂದಿದ್ದು ನೋಡಿ, 24 ಕಿತ್ತು ನೋಡಿ. ಕೇಬಲ್ ಕೀಳದೆ ಕೆಲಸ ಮುಗಿಯಿತು ಅನ್ನಬೇಡಿ.

ಒಂದು ಪೋರ್ಟ್ 'ಪಿ', ಇನ್ನೊಂದು ಸಸ್ಪೆಂಡ್. ಕನ್ಫಿಗ್ ಎರಡೂ ಒಂದೇ ಇದೆ!

'ಶೋ ಇಂಟರ್‌ಫೇಸ್ ಸ್ಟೇಟಸ್' ಕೊಟ್ಟು ಸ್ಪೀಡ್ ನೋಡಿ. ಒಂದರಲ್ಲಿ 1000, ಇನ್ನೊಂದರಲ್ಲಿ 100 ಇರುವ ಸಾಧ್ಯತೆ ಜಾಸ್ತಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್. ಕ್ರಿಂಪ್ ಮಾಡುವಾಗ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕನೆಕ್ಟರ್ ತುದಿವರೆಗೂ ಹೋಗದೆ ನಿಂತಿದ್ದರೆ ಲಿಂಕ್ ಬರುತ್ತದೆ, ದೀಪ ಉರಿಯುತ್ತದೆ, ಆದರೆ ಸ್ಪೀಡ್ 100ಕ್ಕೆ ಇಳಿಯುತ್ತದೆ. ಬಂಡಲ್‌ನ ಎಲ್ಲ ಪೋರ್ಟ್‌ಗಳ ಸ್ಪೀಡ್ ಒಂದೇ ಇರಬೇಕು, ಹಾಗಾಗಿ ಇದನ್ನು ಹೊರಗಿಡುತ್ತದೆ. ಪ್ಲಾಸ್ಟಿಕ್ ಕನೆಕ್ಟರ್ ಅನ್ನು ಬೆಳಕಿಗೆ ಹಿಡಿದು ಎಂಟೂ ತಂತಿಯ ತುದಿ ಕಾಣುತ್ತಿದೆಯೇ ನೋಡಿ. ಅನುಮಾನ ಇದ್ದರೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.

ಸ್ಪೀಡ್ ಸರಿಯಿದ್ದರೆ ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದೆ ಹೋಗುವ ವಿಲ್ಯಾನ್), ಅಲೋ ಮಾಡಿದ ವಿಲ್ಯಾನ್ ಪಟ್ಟಿ, ಟ್ರಂಕ್ ಮೋಡ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ವೇಗ ಅಳೆಯುವ ಐಪರ್ಫ್‌ನಲ್ಲಿ ಎಂಟು ಸ್ಟ್ರೀಮ್ ಬಿಟ್ಟರೂ ಒಂದೇ ಕೇಬಲ್ ತುಂಬುತ್ತಿದೆ.

ಎಂಟೂ ಸ್ಟ್ರೀಮ್‌ಗಳ ಎರಡು ತುದಿಯ ಐಪಿ ವಿಳಾಸ ಒಂದೇ ತಾನೆ? ಐಪಿ ಮೇಲೆ ಲೆಕ್ಕ ಹಾಕುವ ಸ್ವಿಚ್‌ಗೆ ಅವು ಎಂಟೂ ಒಂದೇ. ಟಿಸಿಪಿ ಪೋರ್ಟ್ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ವಿಚ್ ಆದರೆ ಅದನ್ನು ಆರಿಸಿ. ಇಲ್ಲದಿದ್ದರೆ ನಾಲ್ಕೈದು ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಒಟ್ಟಿಗೆ ಪರೀಕ್ಷೆ ಮಾಡಿ.

ದೂರದ ಬ್ರಾಂಚ್‌ನ ಸ್ವಿಚ್‌ಗೆ ಇದೇ ಲಿಂಕ್ ಮೂಲಕ ಲಾಗಿನ್ ಆಗಿದ್ದೇನೆ. ಇಲ್ಲಿಂದಲೇ ಮಾಡಬಹುದಾ?

ಮಾಡಬಹುದು, ಎಚ್ಚರ ಬೇಕು. ಮೊದಲು ದೂರದ ಸ್ವಿಚ್‌ನಲ್ಲಿ ಈಗಿನ ಕನ್ಫಿಗ್ ಸೇವ್ ಮಾಡಿ. ಆಮೇಲೆ 'ರೀಲೋಡ್ ಇನ್ 10' ಕೊಡಿ. ಹತ್ತು ನಿಮಿಷಕ್ಕೆ ಅದು ತಾನಾಗಿ ರೀಸ್ಟಾರ್ಟ್ ಆಗಿ ಸೇವ್ ಆದ ಕನ್ಫಿಗ್‌ಗೆ ಮರಳುತ್ತದೆ. ಈಗ ದೂರದ ಕಡೆ ಚಾನೆಲ್ ಗ್ರೂಪ್ ಹಾಕಿ. ನಿಮ್ಮ ಸಂಪರ್ಕ ಕಡಿಯುತ್ತದೆ, ಗಾಬರಿ ಬೇಡ. ಹತ್ತಿರದ ಸ್ವಿಚ್‌ನಲ್ಲಿ ಬೇಗ ಬೇಗ ಅದೇ ಹಾಕಿ. ಬಂಡಲ್ ಆದರೆ ಮತ್ತೆ ಲಾಗಿನ್ ಆಗಿ 'ರೀಲೋಡ್ ಕ್ಯಾನ್ಸಲ್' ಕೊಟ್ಟು ಆಮೇಲೆ ಸೇವ್ ಮಾಡಿ. ಆಗದಿದ್ದರೆ ಹತ್ತಿರದ ಕಡೆ ಹಾಕಿದ್ದನ್ನು ವಾಪಸ್ ತೆಗೆದು ಹತ್ತು ನಿಮಿಷ ಕಾಯಿರಿ. ಜನ ಕೆಲಸ ಮಾಡುವ ಹೊತ್ತಿನಲ್ಲಿ ಇದು ಬೇಡ.

ಬೇರೆ ಕಂಪನಿಯ ಸ್ವಿಚ್‌ಗಳಲ್ಲಿ?

ಎಲ್‌ಎಸಿಪಿ ಎಲ್ಲರಿಗೂ ಒಂದೇ, ಹಾಕುವ ರೀತಿ ಬೇರೆ. ಪ್ರೊಕರ್ವ್‌ನಲ್ಲಿ 'ಟ್ರಂಕ್ 23-24 ಟಿಆರ್‌ಕೆ1 ಎಲ್‌ಎಸಿಪಿ'. ಕೊನೆಯ ಪದ ಬಿಟ್ಟರೆ ಸ್ಟ್ಯಾಟಿಕ್ ಬಂಡಲ್ ಆಗುತ್ತದೆ. ಬಂಡಲ್ ಆದ ಮೇಲೆ ಆ ಪೋರ್ಟ್‌ಗಳ ವಿಲ್ಯಾನ್‌ಗಳನ್ನು ಟಿಆರ್‌ಕೆ1ಗೆ ಮತ್ತೆ ಕೊಡಬೇಕು. ಜುನಿಪರ್‌ನಲ್ಲಿ ಅದರ ಹೆಸರು ಎಇ. ಅಲ್ಲಿ ಎಲ್‌ಎಸಿಪಿ ಬರೆದು ಆಕ್ಟಿವ್ ಅಂತ ಹೇಳದಿದ್ದರೆ ಪ್ಯಾಸಿವ್ ಆಗಿರುತ್ತದೆ. ಜೊತೆಗೆ ಎಷ್ಟು ಎಇ ಇಂಟರ್‌ಫೇಸ್ ಬೇಕು ಅಂತ ಚಾಸಿ ವಿಭಾಗದಲ್ಲಿ ಮೊದಲೇ ತಿಳಿಸಬೇಕು. ಮೈಕ್ರೊಟಿಕ್‌ನಲ್ಲಿ ಬಾಂಡಿಂಗ್, ಮೋಡ್ 802.3ಎಡಿ. ಅನ್‌ಮ್ಯಾನೇಜ್ಡ್ (ಕನ್ಫಿಗ್ ಮಾಡಲಾಗದ) ಸ್ವಿಚ್‌ನಲ್ಲಿ ಇದು ಆಗುವುದೇ ಇಲ್ಲ, ಅದಕ್ಕೆ ಎರಡನೇ ಕೇಬಲ್ ಹಾಕಲೇಬೇಡಿ.

ಎರಡು ಕೇಬಲ್ ಅನ್ನು ಎರಡು ಬೇರೆ ಸ್ವಿಚ್‌ಗೆ ಹಾಕಿದರೆ ಸ್ವಿಚ್ ಹೋದರೂ ಬಚಾವ್, ಅಲ್ವಾ?

ಆಸೆ ಸರಿ. ಆದರೆ ಮಾಮೂಲಿ ಎಲ್‌ಎಸಿಪಿಯಲ್ಲಿ ಎಲ್ಲ ಕೇಬಲ್ ಒಂದೇ ಸಿಸ್ಟಂಗೆ ಹೋಗಬೇಕು. ಆ ಎರಡು ಸ್ವಿಚ್‌ಗಳು ಹೊರಗಿನವರಿಗೆ ಒಂದೇ ಸ್ವಿಚ್ ಥರ ಕಾಣುವಂತೆ ಮಾಡಿದ್ದರೆ ಮಾತ್ರ ಸಾಧ್ಯ: ಕ್ಯಾಟಲಿಸ್ಟ್‌ನ ಸ್ಟ್ಯಾಕ್, ನೆಕ್ಸಸ್‌ನ ವಿಪಿಸಿ, ಅರುಬಾದ ವಿಎಸ್‌ಎಕ್ಸ್ ಇಂಥವು. ಸ್ಟ್ಯಾಕ್ ಇದ್ದರೆ ಖಂಡಿತ ಹಾಗೇ ಮಾಡಿ, ಒಂದು ಕೇಬಲ್ ಮೊದಲ ಸ್ವಿಚ್‌ಗೆ, ಒಂದು ಎರಡನೆಯದಕ್ಕೆ. ಎರಡೂ ಒಂದೇ ಪೆಟ್ಟಿಗೆಗೆ ಹಾಕಿ ಪವರ್ ಸಪ್ಲೈ ಸುಟ್ಟ ದಿನ ಪೇಚಾಡುವುದು ಬೇಡ.

ಕೇಬಲ್ ಹೋಗುವ ದಾರಿಗೂ ಇದೇ ಮಾತು. ಎರಡು ಕಟ್ಟಡಗಳ ನಡುವೆ ಎರಡೂ ಫೈಬರ್ ಒಂದೇ ಪೈಪಿನಲ್ಲಿ ಹೋಗಿದ್ದರೆ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಿತ್ತು ಹಾಕುತ್ತದೆ. ಆಗುವುದಾದರೆ ದಾರಿ ಬೇರೆ ಮಾಡಿ. ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಮಾತ್ರ ಬೇಡವೇ ಬೇಡ. ಅದರ ಮಿತಿ 100 ಮೀಟರ್, ಮೇಲಾಗಿ ಮಲೆನಾಡು, ಕರಾವಳಿಯ ಸಿಡಿಲಿಗೆ ಎರಡೂ ಕಡೆಯ ಸ್ವಿಚ್ ಹೋಗಬಹುದು.

ಎಲ್‌ಎಸಿಪಿ ಸಂದೇಶಕ್ಕೆ ಫಾಸ್ಟ್ ಟೈಮರ್ ಬೇಕಾ?

ಎರಡು ಸ್ವಿಚ್ ನಡುವೆ ನೇರ ಕೇಬಲ್ ಇದ್ದರೆ ಬೇಡ. ಕೇಬಲ್ ಕಿತ್ತರೆ ಪೋರ್ಟ್‌ಗೆ ಕೂಡಲೇ ಗೊತ್ತಾಗುತ್ತದೆ. ನಡುವೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ ಮತ್ತು ಫೈಬರ್ ಜೋಡಿಸುವ ಪೆಟ್ಟಿಗೆ) ಇದ್ದರೆ ಕತೆ ಬೇರೆ: ಆಚೆ ಫೈಬರ್ ಕಡಿದರೂ ಈಚೆ ದೀಪ ಉರಿಯುತ್ತಲೇ ಇರಬಹುದು. ಆಗ ಎಲ್‌ಎಸಿಪಿ ಸಂದೇಶ ನಿಂತದ್ದೇ ಸುಳಿವು. ಸ್ಲೋ ಟೈಮರ್‌ನಲ್ಲಿ 30 ಸೆಕೆಂಡಿಗೊಂದು ಸಂದೇಶ, ಮೂರು ತಪ್ಪಿದರೆ ಅಂದರೆ 90 ಸೆಕೆಂಡಿಗೆ ಪೋರ್ಟ್ ಹೊರಗೆ. ಫಾಸ್ಟ್‌ನಲ್ಲಿ ಸೆಕೆಂಡಿಗೊಂದು, 3 ಸೆಕೆಂಡಿಗೆ ಹೊರಗೆ.

ಎರಡು ಇಂಟರ್‌ನೆಟ್ ಕನೆಕ್ಷನ್ ಹೀಗೆ ಸೇರಿಸಬಹುದಾ?

ಇಲ್ಲ. ಅದು ರೌಟರ್‌ನ ಕೆಲಸ.

ಬಂಡಲ್ ತೆಗೆದುಹಾಕಬೇಕು. ಹೇಗೆ?

ಮೊದಲು ಪೋರ್ಟ್‌ಗಳನ್ನು ಶಟ್‌ಡೌನ್ ಮಾಡಿ, ಒಂದು ಕೇಬಲ್ ಬಿಟ್ಟು ಉಳಿದದ್ದನ್ನು ಕೈಯಾರೆ ಕಿತ್ತು ತೆಗೆಯಿರಿ. ಆಮೇಲೆ ಎರಡೂ ಕಡೆ 'ನೋ ಚಾನೆಲ್-ಗ್ರೂಪ್', ನಂತರ 'ನೋ ಇಂಟರ್‌ಫೇಸ್ ಪೋರ್ಟ್-ಚಾನೆಲ್ 1'. ಉಳಿದ ಒಂದು ಪೋರ್ಟ್‌ನಲ್ಲಿ ಟ್ರಂಕ್, ವಿಲ್ಯಾನ್ ಸರಿಯಿದೆಯೇ ನೋಡಿ 'ನೋ ಶಟ್‌ಡೌನ್' ಕೊಡಿ. ರ್ಯಾಕ್ ಮೇಲಿನ ಲೇಬಲ್ ಅನ್ನೂ ಆಗಲೇ ಬದಲಿಸಿ.